ಟ್ಯಾಂಕರಿನ ಅಡಿಯಿಂದ ಎದ್ದು ಬಂದ ಆಕ್ಸಲ್

ನಾನು ಕಾರಿನ ಹಿಂದಿನ ಎರಡು ಚಕ್ರಗಳನ್ನು ಹೊತ್ತ ಆಕ್ಸಲ್. ಕಾರು ಕಂಡವರೆಲ್ಲ ಬಾನೆಟ್ ಎತ್ತಿ ಎಂಜಿನ್ನಿಗೆ ಸಲಾಮು ಹೊಡೆಯುತ್ತಾರೆ. ಆದರೆ ಚಕ್ರ ತಿರುಗಿಸುವವನು ನಾನು ಸ್ವಾಮಿ!

೧೯೬೮ರ ಮಾರ್ಚಿನಲ್ಲಿ ಅಮೆರಿಕದ ಒಂದು ಎರಕದ ಕಾರ್ಖಾನೆಯಲ್ಲಿ ಹುಟ್ಟಿದೆ. ಹುಟ್ಟಿದ ದಿನವನ್ನು ಹೊಟ್ಟೆಯ ಮೇಲೆ, ಗುರುತಿನ ಅಂಕಿಯನ್ನು ಬಲತೋಳಿನ ಮೇಲೆ ಅಚ್ಚೊತ್ತಿದರು. ಏಪ್ರಿಲ್‌ನಲ್ಲಿ ಭಾರೀ ಎಂಜಿನ್ನಿನ ನೀಲಿ ಮಸಲ್ ಕಾರೊಂದಕ್ಕೆ ಜೋಡಿಸಿದರು. ಹುಬ್ಬಳ್ಳಿಯ ಡಾಕ್ಟರ್ ನಾಡಗೀರರು ಆ ಕಾರನ್ನು ಹಡಗಿನಲ್ಲಿ ತಂದರು.

ಒಮ್ಮೆ ನನ್ನ ಹೊಟ್ಟೆಯೊಳಗಿನ ಹಲ್ಲುಚಕ್ರ ಮುರಿಯಿತು. ಬಿಡಿಭಾಗ ಎಲ್ಲೂ ಸಿಗಲಿಲ್ಲ. ಇಮಾಮಸಾಬ ಮಿಸ್ತ್ರಿ ಕಾರಿಗೆ ಅಂಬಾಸಿಡರ್ ಆಕ್ಸಲ್ ಕೂರಿಸಿ, ನನ್ನನ್ನು ಫಕೀರಪ್ಪನ ನೀರಿನ ಟ್ಯಾಂಕರಿಗೆ ಕೊಟ್ಟುಬಿಟ್ಟ. ಟ್ರ್ಯಾಕ್ಟರ್ ಎಳೆದರೆ ಉರುಳುವ ಟ್ಯಾಂಕರಿಗೆ ನನ್ನ ಹಲ್ಲುಚಕ್ರ ಬೇಕಿರಲಿಲ್ಲ. ಮೂವತ್ತು ವರ್ಷ ನೀರು ಹೊತ್ತೆ. ಫಕೀರಪ್ಪ ಪ್ರತಿ ಆಯುಧಪೂಜೆಗೆ ನನಗೆ ಬೆಳ್ಳಿಬಣ್ಣ ಬಳಿದು ಕುಂಕುಮ ಇಡುತ್ತಿದ್ದ. ಅಂಕಿಗಳೆಲ್ಲ ಮುಚ್ಚಿಹೋದವು. ನನ್ನ ಗುರುತೇ ಅಳಿಸಿದನಲ್ಲ ಎಂದು ಮನಸಾರೆ ಬೈದೆ.

ಈಚೆಗೆ ಡಾಕ್ಟರರ ಮಗಳು ವತ್ಸಲಾ ಕಾರನ್ನು ಹಳೆಯ ಕಾರುಗಳ ಪ್ರದರ್ಶನಕ್ಕೆ ಸಿದ್ಧಮಾಡಿದಳು. ಆಕ್ಸಲ್ ಅಸಲಿ ಅಲ್ಲದಿದ್ದರೆ ಅಸಲಿ ಕಾರುಗಳ ಸಾಲಿನಲ್ಲಿ ಜಾಗವಿಲ್ಲ. ಮುದುಕನಾಗಿದ್ದ ಇಮಾಮಸಾಬ ತಲೆ ತಗ್ಗಿಸಿದ. “ಕಿತ್ತಾಂವಾ ನಾನ, ತಂಗಿ. ಹುಡುಕಿ ತರಾಂವಾನೂ ನಾನ.” ಟ್ಯಾಂಕರಿನ ಅಡಿ ಮಲಗಿ ನನ್ನನ್ನು ಬಿಚ್ಚಿದ. ಅಮೆರಿಕದಿಂದ ಹಲ್ಲುಚಕ್ರ ತರಿಸಿ ಕೂರಿಸಿ, ನನ್ನನ್ನು ಮತ್ತೆ ಕಾರಿಗೆ ಜೋಡಿಸಿದ. ಬಣ್ಣ ಮಾತ್ರ ಮುಟ್ಟಲಿಲ್ಲ.

ಪ್ರದರ್ಶನದ ದಿನ ಪರೀಕ್ಷಕರು ಬಗ್ಗಿ ನೋಡಿದರು. “ಗುರುತಿನ ಅಂಕಿಯೇ ಇಲ್ಲ. ಇದು ಎಲ್ಲಿಂದಲೋ ತಂದ ಕಬ್ಬಿಣ!” ವತ್ಸಲಾಳ ಮುಖ ಬಾಡಿತು. ಅಡಿಯಲ್ಲಿ ಅಂಕಿ ಇದೆಯೇ ನೋಡಲು ಅವರು ಚಾಕು ತೆಗೆದು ಬಣ್ಣ ಕೆರೆಯಲು ಹೋದರು. ಇಮಾಮಸಾಬ ಅವರ ಕೈ ತಡೆದ.

“ಕೆರೀಬ್ಯಾಡ್ರಿ ಸಾಹೇಬ್ರ, ಅಂಕಿ ಕೆಡ್ತಾವ. ನಾನು ಮೊದಲ ಬಣ್ಣ ತಗದಿದ್ರ, ಅಂಕಿ ಹೊಸದಾಗಿ ಕೊರದಾನ ಅಂತಿದ್ರಿ. ಈಗ ನಿಮ್ಮ ಕಣ್ಣಮುಂದ ತಗೀತೀನಿ.”

ಬಣ್ಣ ಕರಗಿಸುವ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಮೂವತ್ತು ಪೂಜೆಗಳ ಬಣ್ಣವನ್ನು ಪದರಪದರವಾಗಿ ಒರೆಸಿ, ಸೀಮೆಸುಣ್ಣ ತಿಕ್ಕಿದ. ಅಬ್ಬಾ! ಅಂಕಿಗಳು ಚೂರೂ ತುಕ್ಕಿಲ್ಲದೆ ಎದ್ದು ನಿಂತವು. ಅಯ್ಯೋ ಫಕೀರಪ್ಪಾ, ಕಾಪಾಡಿದವನನ್ನೇ ಬೈದೆನಲ್ಲೋ! ಪರೀಕ್ಷಕರು ಕಾರಿನ ಕಾಗದಗಳ ಜೊತೆ ತಾಳೆ ನೋಡಿದರು. ಅಂಕಿ ಅದೇ, ತಾರೀಖೂ ಸರಿ: ನಾನು ಕಾರಿಗಿಂತ ಒಂದು ತಿಂಗಳು ದೊಡ್ಡವನು. ‘ಅಸಲಿ’ ಎಂದು ಬರೆದು ರುಜು ಹಾಕಿದರು.

ಇಮಾಮಸಾಬ ಕೈ ಒರೆಸಿಕೊಂಡು ಹೊರಟ. ವತ್ಸಲಾ ಅಡ್ಡ ಬಂದು ಕೀಲಿಕೈ ಕೊಟ್ಟಳು. “ಎಲ್ಲಿ ಹೊಂಟ್ರಿ ಕಾಕಾ? ಮೊದಲನೇ ಸುತ್ತು ನೀವ ಹೊಡೀರಿ.”

ಮುದುಕ ಕಣ್ಣೊರೆಸಿಕೊಂಡು ಕೂತ, ಪೆಡಲ್ ಒತ್ತಿದ. ನಾನು ತಿರುಗಿದೆ ನೋಡಿ! ಟೈರಿನಿಂದ ಹೊಗೆ ಎದ್ದಿತು, ಜನ ಶಿಳ್ಳೆ ಹೊಡೆದರು. ನಮ್ಮಿಬ್ಬರಿಗೂ ವಯಸ್ಸಾಗಿದೆ, ಒಪ್ಪಿದೆ. “ಕಾಕಾ, ಸಾವಕಾಶ!” ಎಂದು ವತ್ಸಲಾ ಹಿಂದಿನಿಂದ ಕೂಗುತ್ತಲೇ ಇದ್ದಳು. ನಾವಿಬ್ಬರೂ ಕೇಳಲಿಲ್ಲ.