ಪಕ್ಕದ ಸೀಟಿನ ಬ್ರೇಕು

ಆ ಕಾರಿಗೆ ಎರಡು ಬ್ರೇಕ್ ಪೆಡಲ್ ಇವೆ ಎಂದು ಗಂಡ ಎಲ್ಲರ ಮುಂದೆ ತಮಾಷೆ ಮಾಡುತ್ತಿದ್ದ. ಒಂದು ತನ್ನ ಕಾಲ ಕೆಳಗೆ, ಇನ್ನೊಂದು ಹೆಂಡತಿಯ ಕಾಲ ಕೆಳಗೆ. ಪಕ್ಕದ ಸೀಟಿನಲ್ಲಿ ಕೂತರೆ ಸಾಕು, ಅವಳ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಒತ್ತಿ ಒತ್ತಿ ಅಲ್ಲಿನ ಮ್ಯಾಟು ಸವೆದು ನುಣುಪಾಗಿತ್ತು.

ಗಂಡ ಹಲ್ಲಿನ ಡಾಕ್ಟರು. ಅವಳು ಔಷಧಿ ಅಂಗಡಿ ನಡೆಸುವವಳು. ಮನೆ ಗುಡ್ಡದ ಮೇಲೆ, ಇಬ್ಬರ ಕೆಲಸವೂ ಕೆಳಗಿನ ಪೇಟೆಯಲ್ಲಿ. ಬಹಳ ವರ್ಷದ ಆಸೆಯೆಂದು ಗಂಡ ವೇಗದ ಕಾರೊಂದನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡಿದ್ದ. ಅದರ ಮೇಲೆ ಒಂದು ಚೂರು ಧೂಳು ಕೂರಲು ಬಿಡುತ್ತಿರಲಿಲ್ಲ.

ಒಂದು ಭಾನುವಾರ ಮಗಳನ್ನು ಈಜುಕೊಳಕ್ಕೆ ಕರೆದುಕೊಂಡು ಮೂವರೂ ಗುಡ್ಡ ಇಳಿಯುತ್ತಿದ್ದರು. ತಿರುವಿನ ತನಕ ಜೋರಾಗಿ ಬರುವುದು, ತಿರುವು ಎದುರಾದಾಗ ಬಲವಾಗಿ ಬ್ರೇಕ್ ತುಳಿಯುವುದು ಗಂಡನ ರೂಢಿ. ಕೊನೆಯ ತಿರುವು ಹತ್ತಿರವಾಗುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಪೆಡಲ್ ಸ್ಪಂಜಿನ ಹಾಗೆ ಕೆಳಕ್ಕೆ ಹೋಯಿತು. ಗಂಡ ಮತ್ತೆ ಮತ್ತೆ ತುಳಿದ, ಗೇರ್ ಇಳಿಸಿದ, ಹೇಗೋ ಕಾರನ್ನು ರಸ್ತೆ ಪಕ್ಕದ ಸಡಿಲ ಮಣ್ಣಿಗೆ ಹತ್ತಿಸಿ ನಿಲ್ಲಿಸಿದ. ಹಿಂದಿನ ಸೀಟಿನಲ್ಲಿ ಮಗಳು ಟವೆಲಿನ ಚೀಲ ತಬ್ಬಿಕೊಂಡು ಕೂತಿದ್ದಳು. 

ಚಕ್ರ ತಣ್ಣಗಾದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತು. ಅದರ ಜೊತೆಗೆ ಗಂಡನ ಧೈರ್ಯವೂ ವಾಪಸ್ಸು ಬಂತು.

"ಬ್ರೇಕು ಚಿಕ್ಕದು ಕಣೇ. ಈ ಇಂಜಿನ್‌ಗೆ ಸಾಲಲ್ಲ," ಎಂದು ಮನೆಗೆ ಬಂದವನೇ ಫೋನ್ ಚಾಚಿದ. "ನೋಡು, ಈ ಸೆಟ್ ತರಿಸ್ತೀನಿ. ದೊಡ್ಡ ಡಿಸ್ಕು, ಆರು ಪಿಸ್ಟನ್ನಿನ ಕ್ಯಾಲಿಪರ್. ರೇಸಿನವರು ಹಾಕೋದು."

ಚಿತ್ರದಲ್ಲಿ ಡಿಸ್ಕನ್ನು ಕಚ್ಚಿ ಹಿಡಿಯುವ ಕ್ಯಾಲಿಪರ್ ಕಡುಗೆಂಪಾಗಿ ಹೊಳೆಯುತ್ತಿತ್ತು.

"ಕೆಂಪೇ ಯಾಕೆ?" ಎಂದಳು.

"ಚೆನ್ನಾಗಿ ಕಾಣುತ್ತಲ್ಲ. ನಿನ್ನ ಅಂಗಡೀಲಿ ಬಣ್ಣಬಣ್ಣದ ಮಾತ್ರೆ ಇರಲ್ವಾ?"

"ಬಣ್ಣ ನೋಡಿ ನಾನು ಯಾರಿಗೂ ಮಾತ್ರೆ ಕೊಡಲ್ಲ ರೀ. ಮುಂದಿನ ಭಾನುವಾರ ಮಗಳ ಈಜು ಸ್ಪರ್ಧೆ. ಈ ಕಾರು ಹೀಗೇ ಇದ್ರೆ ನಾವಿಬ್ರೂ ಬಸ್ಸಲ್ಲಿ ಹೋಗ್ತೀವಿ."

ಗಂಡನ ಮುಖ ಸಣ್ಣದಾಯಿತು. ಮಗಳ ಮೊದಲ ಸ್ಪರ್ಧೆಗೆ ತಾನೇ ಕಾರು ಓಡಿಸಿಕೊಂಡು ಹೋಗಬೇಕೆಂದು ಅವನು ತಿಂಗಳಿಂದ ಹೇಳಿಕೊಂಡು ಓಡಾಡಿದ್ದ. ಅದು ಅವಳಿಗೂ ಗೊತ್ತಿತ್ತು. ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ.

ಕೆಂಪು ಸೆಟ್ ತರಿಸಿದರೂ ಬರಲು ದಿನ ಹಿಡಿಯುತ್ತದೆಂದು ಗಂಡ ಅಷ್ಟರೊಳಗೆ ಇನ್ನೊಂದು ಕೆಲಸ ಮಾಡಿದ. ಡಿಸ್ಕಿಗೆ ಒತ್ತಿಕೊಂಡು ಚಕ್ರ ನಿಲ್ಲಿಸುವ ರೇಸ್ ಪ್ಯಾಡ್ ತಂದು ಹಾಕಿಸಿಕೊಂಡ. ಮಾರನೆಯ ಬೆಳಿಗ್ಗೆ, ಚಳಿಯಲ್ಲಿ, ಕಾರನ್ನು ಮನೆಯ ಇಳಿಜಾರಿನಿಂದ ಹೊರಗೆ ತೆಗೆದ. ಗೇಟಿನ ಹತ್ತಿರ ಬ್ರೇಕ್ ತುಳಿದ. ಕಾರು ಗೇಟು ದಾಟಿತು, ರಸ್ತೆಯನ್ನೂ ದಾಟಿತು, ಎದುರುಮನೆಯ ಕಸದ ಡಬ್ಬವನ್ನು ಉರುಳಿಸಿ ಆಮೇಲೆ ನಿಂತಿತು.

ಎದುರುಮನೆಯ ರಿಟೈರ್ಡ್ ಮೇಷ್ಟ್ರು ಪೇಪರ್ ಮಡಚಿಕೊಂಡು ಹೊರಗೆ ಬಂದರು. "ಡಾಕ್ಟ್ರೇ, ಕಸ ತಗೊಂಡು ಹೋಗೋಕೆ ಬೇರೆ ಗಾಡಿ ಬರುತ್ತೆ. ನೀವ್ಯಾಕೆ ತೊಂದ್ರೆ ತಗೊಂಡ್ರಿ?"

ಗಂಡ ನಗಲಿಲ್ಲ. ಅವಳು ಒಳಗೆ ಹೋಗಿ ಅತ್ತಿಗೆಗೆ ಫೋನ್ ಮಾಡಿದಳು.

ಅತ್ತಿಗೆ ಗಂಡನ ಸ್ವಂತ ಅಕ್ಕ. ಇಂಜಿನಿಯರಿಂಗ್ ಓದಿ, ರೇಸ್ ಟ್ರ್ಯಾಕಿನಲ್ಲಿ ಓಡುವ ಕಾರುಗಳ ಬ್ರೇಕ್ ನೋಡಿಕೊಳ್ಳುವ ವರ್ಕ್‌ಶಾಪ್ ಇಟ್ಟಿದ್ದವಳು. ತಮ್ಮ ಅವಳನ್ನು ಕೇಳಿರಲಿಲ್ಲ. ಕೇಳಿದರೆ ಬೈಯುತ್ತಾಳೆಂದು ಅವನಿಗೆ ಮೊದಲೇ ಗೊತ್ತಿತ್ತು.

ಅತ್ತಿಗೆ ಸಂಜೆ ಬಂದು ಒಂದು ಚಕ್ರ ಕಳಚಿ, ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಕೂತಳು.

"ಅಲ್ಲ ಕಣೋ, ನಿನ್ನ ಕ್ಲಿನಿಕ್ಕಿಗೆ ಒಬ್ಬ ಬಂದು, ಬಾಯಿ ತೆರೆಯೋಕೆ ಮುಂಚೆನೇ ನಂಗೆ ಚಿನ್ನದ ಹಲ್ಲು ಕಟ್ಟಿ ಅಂದ್ರೆ ಕಟ್ತೀಯಾ?"

"ಇಲ್ಲ. ಮೊದ್ಲು ಎಕ್ಸ್‌ರೇ ತೆಗೀತೀನಿ."

"ಬಾ, ಹಾಗಾದ್ರೆ ಎಕ್ಸ್‌ರೇ ನೋಡು."

ಅತ್ತಿಗೆ ಕ್ಯಾಲಿಪರಿನ ಸಣ್ಣ ತಿರುಪನ್ನು ಸಡಿಲಿಸಿ, ಗಾಜಿನ ಶೀಶೆಗೆ ಸ್ವಲ್ಪ ಬ್ರೇಕ್ ಎಣ್ಣೆ ಇಳಿಸಿಕೊಂಡಳು. ಎಣ್ಣೆ ಹಳೇ ಕಷಾಯದ ಬಣ್ಣಕ್ಕೆ ತಿರುಗಿತ್ತು.

"ಇದನ್ನ ಯಾವಾಗ ಬದಲಾಯಿಸಿದ್ದೆ?"

"ಅದನ್ನೂ ಬದಲಾಯಿಸ್ಬೇಕಾ?"

"ಇದಕ್ಕೂ ಎಕ್ಸ್‌ಪೈರಿ ಇದೆಯಾ ಅತ್ತಿಗೆ?" ಎಂದು ಅವಳು ಮುಂದೆ ಬಾಗಿದಳು. ತಮ್ಮ ಮನೆಯಲ್ಲಿ ಅವಧಿ ಮೀರಿದ್ದೊಂದು ಇಷ್ಟು ದಿನ ತನ್ನ ಕಣ್ಣಿಗೆ ಬೀಳದೆ ಇತ್ತಲ್ಲ ಎಂದು ಅವಳಿಗೆ ಕಸಿವಿಸಿಯಾಯಿತು.

"ಇದೆ. ಈ ಎಣ್ಣೆ ಗಾಳಿಯಲ್ಲಿರೋ ತೇವ ಹೀರ್ಕೊಳ್ಳುತ್ತೆ. ತೇವ ಸೇರಿದಷ್ಟೂ ಬೇಗ ಕುದಿಯುತ್ತೆ. ಗುಡ್ಡ ಇಳಿಯುವಾಗ ಇವನು ತುಳಿದೂ ತುಳಿದೂ ಕುದಿಸಿಬಿಟ್ಟಿದಾನೆ. ಕುದಿದ್ರೆ ಗುಳ್ಳೆ ಏಳುತ್ತೆ. ಆಮೇಲೆ ನೀನು ಎಷ್ಟು ತುಳಿದ್ರೂ ಆ ಗುಳ್ಳೆ ಕುಗ್ಗುತ್ತೆ ಅಷ್ಟೇ, ಚಕ್ರಕ್ಕೆ ಬಲ ಮುಟ್ಟಲ್ಲ. ಹೆಚ್ಚಿನ ಕಾರಿಗೆ ಎರಡು ವರ್ಷಕ್ಕೊಮ್ಮೆ ಬದಲಾಯಿಸೋದು ಒಳ್ಳೇದು. ನಿನ್ನ ಕಾರಿನ ಪುಸ್ತಕದಲ್ಲಿ ಬರೆದಿರುತ್ತೆ, ಓದು."

"ರೇಸ್ ಪ್ಯಾಡು ಯಾಕೆ ಹಿಡೀಲಿಲ್ಲ ಮತ್ತೆ?" ಗಂಡನಿಗೆ ಕಸದ ಡಬ್ಬದ ಅವಮಾನ ಇನ್ನೂ ಆರಿರಲಿಲ್ಲ.

"ಅದು ಕಾದ ಮೇಲೇ ಹಿಡಿಯೋದು. ಟ್ರ್ಯಾಕಲ್ಲಿ ಮೊದ್ಲು ಒಂದು ಸುತ್ತು ಓಡಿಸಿ ಬಿಸಿ ಮಾಡ್ತಾರೆ. ನಿನ್ನ ಗೇಟಿನ ಹತ್ರ ಯಾರು ಬಿಸಿ ಮಾಡ್ತಾರೆ? ನಿಂಗೆ ಬೇಕಾಗಿರೋದು ತಣ್ಣಗಿದ್ರೂ ಹಿಡಿಬೇಕು, ಇಳಿಜಾರಿನ ಬಿಸಿಗೂ ಸೋಲಬಾರದು. ರಸ್ತೆಗಂತಲೇ ಮಾಡಿರೋ ಅಂಥ ಪ್ಯಾಡ್ ಸಿಗುತ್ತೆ."

ಗಂಡ ಇನ್ನೂ ಸೋಲೊಪ್ಪಲಿಲ್ಲ. "ಸರಿ ಅಕ್ಕ, ದೊಡ್ಡ ಸೆಟ್ ಹಾಕಿಬಿಟ್ರೆ ಇದ್ಯಾವ ತಲೆನೋವೂ ಇರಲ್ವಲ್ಲ?"

ಅತ್ತಿಗೆ ಒಂದು ರಟ್ಟು ಕೇಳಿದಳು. ಅವಳು ಮಾತ್ರೆಯ ಪೆಟ್ಟಿಗೆಯ ರಟ್ಟು ಹರಿದು ಕೊಟ್ಟಳು. ಅತ್ತಿಗೆ ತಮ್ಮನ ಫೋನಿನಲ್ಲಿ ಆ ಕೆಂಪು ಸೆಟ್ಟಿನ ಅಳತೆಯ ನಕ್ಷೆ ನೋಡಿಕೊಂಡು, ಅದೇ ಅಳತೆಗೆ ರಟ್ಟಿನಲ್ಲೊಂದು ಅಚ್ಚು ಕತ್ತರಿಸಿ, ಡಿಸ್ಕಿನ ಪಕ್ಕ ಹಿಡಿದು ಚಕ್ರವನ್ನು ಮತ್ತೆ ಕೂರಿಸಿ ನಿಧಾನವಾಗಿ ತಿರುಗಿಸಿದಳು. ಚಕ್ರದ ಕಡ್ಡಿ ರಟ್ಟಿಗೆ ಬಡಿದು ಅದನ್ನು ಮಡಚಿ ಹಾಕಿತು.

"ಹಲ್ಲಿಗೆ ಅಚ್ಚು ತೆಗೀದೇ ಕವಚ ಹಾಕ್ತೀಯಾ ನೀನು?"

ಗಂಡ ಮಡಚಿದ ರಟ್ಟನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಅಳತೆಯ ಮಾತು ಅವನಿಗೆ ಅರ್ಥವಾಗದ್ದಲ್ಲ.

"ಹೇಗೋ ಕೂರಿಸಿದ್ರೂ ಅಲ್ಲಿಗೆ ಮುಗಿಯಲ್ಲ," ಅತ್ತಿಗೆಯ ದನಿ ಈಗ ಮೆತ್ತಗಾಗಿತ್ತು. "ಮುಂದಿನದು ದೊಡ್ಡದಾಗಿ ಹಿಂದಿನದು ಹಾಗೇ ಇದ್ರೆ, ಮುಂದಿನ ಚಕ್ರವೇ ಎಲ್ಲ ಭಾರ ಹೊರುತ್ತೆ. ಹಿಡಿತದ ಲೆಕ್ಕ ತಪ್ಪಿ ನಿಲ್ಲೋ ದೂರ ಜಾಸ್ತಿನೂ ಆಗಬಹುದು. ಪಿಸ್ಟನ್ ದೊಡ್ಡದಾದ್ರೆ ಎಣ್ಣೆ ಜಾಸ್ತಿ ಬೇಕು, ಪೆಡಲ್ ಇನ್ನೂ ಕೆಳಕ್ಕೆ ಹೋಗುತ್ತೆ. ನಿಜವಾಗ್ಲೂ ಟ್ರ್ಯಾಕಿಗೆ ಇಳಿಯೋದಾದ್ರೆ ಹೇಳು. ಈ ಕಾರಿಗಂತಲೇ ಲೆಕ್ಕ ಹಾಕಿ ಮಾಡಿರೋ ಸೆಟ್ ನೋಡೋಣ. ನಾನೇ ಹಾಕಿಕೊಡ್ತೀನಿ."

"ಕೆಂಪು ಇರುತ್ತಾ?"

"ಇರುತ್ತೆ ಬಿಡೋ."

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಆ ವಾರದಲ್ಲಿ ಅವಳು ನಕ್ಕಿದ್ದು ಅದೇ ಮೊದಲು.

ಅತ್ತಿಗೆ ಕಾರನ್ನು ವರ್ಕ್‌ಶಾಪಿಗೆ ಒಯ್ದಳು. ಡಿಸ್ಕಿನ ದಪ್ಪ ಅಳೆದಳು; ತಾಳುವಷ್ಟಿತ್ತು, ಅದನ್ನೇ ಉಳಿಸಿದಳು. ಬಿರುಕು ಬಿಟ್ಟ ರಬ್ಬರ್ ಪೈಪುಗಳನ್ನು ಬದಲಾಯಿಸಿದಳು. ಹಳೇ ಎಣ್ಣೆ ಪೂರ್ತಿ ತೆಗೆದು, ಕಾರಿನ ಬ್ರೇಕ್ ಎಣ್ಣೆಯ ಡಬ್ಬಿಯ ಮುಚ್ಚಳದ ಮೇಲೆ ಬರೆದಿದ್ದ ಜಾತಿಯದೇ ಹೊಸ ಎಣ್ಣೆ ತುಂಬಿದಳು. ರಸ್ತೆಯ ಪ್ಯಾಡ್ ಹಾಕಿದಳು. ಕಲ್ಲಿನಂತೆ ಗಟ್ಟಿಯಾಗಿದ್ದ ಟೈರುಗಳನ್ನು ತೋರಿಸಿ, "ಕೊನೆಗೆ ನೆಲ ಹಿಡಿಯೋದು ಇದು. ಇದು ಜಾರಿದ್ರೆ ಮೇಲಿನ ಬ್ರೇಕ್ ಏನು ಮಾಡುತ್ತೆ?" ಎಂದಳು. ಕೆಂಪು ಸೆಟ್ಟಿಗೆಂದು ಇಟ್ಟಿದ್ದ ಹಣದಲ್ಲಿ ಟೈರೂ ಬಂತು. ಆಮೇಲೆ ಖಾಲಿ ರಸ್ತೆಯಲ್ಲಿ ತಮ್ಮನ ಕೈಯಲ್ಲೇ ಓಡಿಸಿ, ಪೂರ್ತಿ ನಿಲ್ಲಿಸದೆ ಹಲವು ಸಲ ವೇಗ ತಗ್ಗಿಸಿ, ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುವಂತೆ ಮಾಡಿ, ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸಿ ತಣ್ಣಗಾಗಿಸಿದಳು.

"ಇಳಿಜಾರು ಶುರುವಾಗೋ ಮುಂಚೆನೇ ಗೇರ್ ಇಳಿಸು," ಎಂದು ಹೊರಡುವಾಗ ಹೇಳಿದಳು. "ಅರ್ಧ ಕೆಲಸ ಇಂಜಿನ್ ಮಾಡಲಿ. ಆ ರೂಢಿಗೆ ಯಾವ ಅಂಗಡೀಲೂ ಪಾರ್ಟ್ ಸಿಗಲ್ಲ."

ಭಾನುವಾರ ಬಂತು. ಅವಳು ಬಸ್ಸಿನ ಮಾತು ಎತ್ತಲಿಲ್ಲ. ಸೀಟ್ ಬೆಲ್ಟ್ ಎಳೆದು ನೋಡಿ, ಮಗಳದ್ದನ್ನೂ ಎಳೆದು ನೋಡಿ ಕೂತಳು. ಗಂಡ ಇಳಿಜಾರಿನ ತಲೆಯಲ್ಲೇ ಗೇರ್ ಇಳಿಸಿದ. ತಿರುವಿಗೆ ಬಹಳ ಮುಂಚೆಯೇ ಕಾರು ನಿಧಾನವಾಗುತ್ತಿತ್ತು. ಕೊನೆಯ ತಿರುವಿನಲ್ಲಿ ದಾರಿಗೆ ಅಡ್ಡ ನಾಯಿಯೊಂದು ನಿಂತಿತ್ತು. ಗಂಡ ತುಳಿದ. ಪೆಡಲ್ ಗಟ್ಟಿಯಾಗಿತ್ತು. ಕಾರು ಅತ್ತಿತ್ತ ಎಳೆಯದೆ ನೆಟ್ಟಗೆ ನಿಂತಿತು. ನಾಯಿ ಒಮ್ಮೆ ತಿರುಗಿ ನೋಡಿ, ಅವಸರವಿಲ್ಲದೆ ಪಕ್ಕಕ್ಕೆ ಹೋಯಿತು.

"ಅಮ್ಮ, ನಿನ್ನ ಬ್ರೇಕು?" ಎಂದು ಮಗಳು ಹಿಂದಿನಿಂದ ಇಣುಕಿದಳು.

ಅವಳು ಕೆಳಗೆ ನೋಡಿಕೊಂಡಳು. ಬಲಗಾಲು ಎಡಗಾಲಿನ ಮೇಲೆ ಹಾಯಾಗಿ ಕೂತಿತ್ತು. ಯಾವ ತಿರುವಿನಲ್ಲಿ ಹಾಗೆ ಕೂತಿತೋ ಅವಳಿಗೇ ಗೊತ್ತಿರಲಿಲ್ಲ.

ವೇಗದ ಕಾರು ಇಟ್ಟುಕೊಂಡ ಅಣ್ಣಂದಿರೇ, ಅಕ್ಕಂದಿರೇ, ಆಸೆಪಡಬೇಡಿ ಎಂದು ನಾವು ಹೇಳುತ್ತಿಲ್ಲ. ಬ್ರೇಕಿನ ದೊಡ್ಡ ಸೆಟ್ ಕೊಳ್ಳುವ ಮುಂಚೆ ಎಣ್ಣೆ, ಪ್ಯಾಡು, ಪೈಪು, ಟೈರು ನೋಡಿಸಿ. ಕೊಳ್ಳುವುದೇ ಆದರೆ ನಿಮ್ಮ ಕಾರಿಗೆಂದೇ ಮಾಡಿದ್ದನ್ನು, ಅಸಲಿ ಎಂದು ಖಾತ್ರಿ ಮಾಡಿಕೊಂಡು, ಬಲ್ಲವರ ಕೈಯಿಂದಲೇ ಹಾಕಿಸಿ. ಪೆಡಲ್ ಒಮ್ಮೆ ಮೆತ್ತಗಾದರೂ ಅದು ಸರಿಯಾಗುವ ತನಕ ಕಾರು ತೆಗೆಯಬೇಡಿ. ಇವತ್ತೇ ಒಂದು ಕೆಲಸ ಮಾಡಿ: ನಿಮ್ಮ ಪಕ್ಕದ ಸೀಟಿನ ಕೆಳಗಿನ ಮ್ಯಾಟನ್ನು ಬಗ್ಗಿ ನೋಡಿ. ಅದು ಸವೆದಿದ್ದರೆ, ಅಲ್ಲಿ ಕೂರುವವರನ್ನು ಗೇಲಿ ಮಾಡಬೇಡಿ. ಕಾರನ್ನು ನೇರ ವರ್ಕ್‌ಶಾಪಿಗೆ ಒಯ್ಯಿರಿ.