ದೇವರಾಜನ ಹದಿನೆಂಟು ನಿಮಿಷ

ಭಾರತದ ಫುಟ್‌ಬಾಲ್ ತಂಡ ಯಾವ ವರ್ಷ ಯಾರ ಕೈಲಿ ಎಷ್ಟು ಗೋಲು ತಿಂದಿತು ಅಂತ ಅರಸೀಕೆರೆಯಲ್ಲಿ ಯಾರಿಗಾದರೂ ಅನುಮಾನ ಬಂದರೆ ನನ್ನ ಕೊಬ್ಬರಿ ಮಂಡಿಗೇ ಬರಬೇಕು. ವರ್ಷಕ್ಕೆ ಇಬ್ಬರಿಗೆ ಅಂಥ ಅನುಮಾನ ಬಂದರೆ ಹೆಚ್ಚು, ಅದು ಬೇರೆ ಮಾತು. ಬಂದವರನ್ನು ನಾನು ಬರಿಗೈಲಿ ಕಳಿಸಿದವನಲ್ಲ. ತೊಂಬತ್ತನೇ ಇಸವಿಯಿಂದ ದಿನಾ ಪೇಪರ್ ನೋಡಿ ಬರೆದಿಟ್ಟ ಇನ್ನೂರು ಪುಟದ ನೋಟ್‌ಬುಕ್ಕು ನನ್ನ ಮೇಜಿನ ಮೇಲೇ ಇರುತ್ತದೆ. ತಾರೀಖು, ಎದುರಾಳಿ, ಊರು, ಗೋಲು. ತೊಂಬತ್ತೇಳರಲ್ಲಿ ಕಾಠ್ಮಂಡುವಿನಲ್ಲಿ ಮಾಲ್ಡೀವ್ಸ್ ಮೇಲೆ ಐದು–ಒಂದು. ಎರಡು ಸಾವಿರದ ಒಂದರಲ್ಲಿ ಬೆಂಗಳೂರಿನಲ್ಲಿ ಎಮಿರೇಟ್ಸ್ ಮೇಲೆ ಒಂದು–ಸೊನ್ನೆ. ಗೆದ್ದದ್ದು ಹಸಿರು ಶಾಯಿಯಲ್ಲಿ, ಸೋತದ್ದು ಕೆಂಪಿನಲ್ಲಿ. ಕೆಂಪು ಪೆನ್ನು ಬೇಗ ಖಾಲಿಯಾಗುತ್ತಿತ್ತು.

ಈ ಹುಚ್ಚು ಯಾಕೆ ಅಂದರೆ, ನಾನೂ ಆಡುತ್ತಿದ್ದವನೇ. ಎಪ್ಪತ್ತಾರರಲ್ಲಿ ರಾಜ್ಯದ ಆಯ್ಕೆಗೆಂದು ಬೆಂಗಳೂರಿಗೆ ಹೋಗಿದ್ದೆ. ಬೆಳಿಗ್ಗೆ ಎಂಟಕ್ಕೆ ಮೈದಾನಕ್ಕಿಳಿಸಿದರು, ಎಂಟೂಕಾಲಿಗೆ ಹೊರಗೆ ಕರೆದರು. ಅವತ್ತು ಸಂಜೆಯ ರೈಲಿಗೇ ವಾಪಸ್ಸು ಬಂದೆ. ಅಪ್ಪ ಮಂಡಿಯಲ್ಲಿ ಕೂರಿಸಿದರು, ಕೂತೆ. ಆಡಲಾರದವನು ಬರೆದಿಡುತ್ತಾನೆ. ಬರೆದಿಡುತ್ತ ಬರೆದಿಡುತ್ತ ಆಟ ತನ್ನದೇ ಅಂದುಕೊಳ್ಳುತ್ತಾನೆ.

ದೇವರಾಜ ನಿಜವಾಗಿ ಆಡಿದವನು. ಹಾರನಹಳ್ಳಿಯವನು. ಅವನ ಅಪ್ಪ ಕೆಂಚಯ್ಯ ನಮ್ಮ ಮಂಡಿಯಲ್ಲೇ ಕಾಯಿ ಸುಲಿಯುತ್ತಿದ್ದ, ಅಲ್ಲೇ ಜಗಲಿಯ ಕೆಳಗೆ ಕೂತು ಊಟ ಮಾಡುತ್ತಿದ್ದ. ಮಗ ಬೆಂಗಳೂರಿನ ಒಂದು ಕಾರ್ಖಾನೆಯ ತಂಡ ಸೇರಿ ಹೆಸರು ಮಾಡಿದ. ತೊಂಬತ್ತಾರರಲ್ಲಿ ಯಾರಿಗೋ ಕಾಯಿಲೆಯಾಗಿ, ಕೊನೇ ಗಳಿಗೆಯಲ್ಲಿ ಭಾರತ ತಂಡದ ಜೊತೆ ವಿಮಾನ ಹತ್ತಿದ. ಒಂದು ಸೌಹಾರ್ದ ಪಂದ್ಯದಲ್ಲಿ ಕೊನೆಯ ಹದಿನೆಂಟು ನಿಮಿಷ ಆಡಿದ. ಯಾವ ದೇಶದ ಮೇಲೆ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ನನ್ನಂಥ ಇನ್ನೊಬ್ಬ ಪುಸ್ತಕ ತೆಗೆದು ಕೂರುತ್ತಾನೆ.

ಮಾರನೇ ವರ್ಷ ಮಂಡಿಚಿಪ್ಪು ಹೋಯಿತು, ಆಟವೂ ಹೋಯಿತು. ಊರಿಗೆ ಬಂದ. ನಮ್ಮ ಸಮಾಜದವರು ನಡೆಸುವ ಹೈಸ್ಕೂಲಿಗೆ ಪಿ.ಟಿ. ಮೇಷ್ಟ್ರು ಬೇಕಾಗಿತ್ತು. ದೇಶಕ್ಕೆ ಆಡಿದವನು ಅಂತ ಸಂಭ್ರಮದಲ್ಲಿ ತೆಗೆದುಕೊಂಡರು, ಹಂಗಾಮಿಯಾಗಿ. ಸಮಿತಿಯಲ್ಲಿ ನಾನೂ ಇದ್ದೆ, ನಾನೂ ಕೈಯೆತ್ತಿದೆ. ಮಕ್ಕಳು ಅವನನ್ನು ಇಂಡಿಯಾ ಮೇಷ್ಟ್ರು ಅನ್ನುತ್ತಿದ್ದರು. ರಸ್ತೆಯಲ್ಲಿ ಅವನು ಎದುರಾದರೆ ಹುಡುಗರು ಸೈಕಲ್ ಇಳಿಯುತ್ತಿದ್ದರು. ನಾನು ಎದುರಾದರೆ ಬೆಲ್ ಹೊಡೆಯುತ್ತಿದ್ದರು. ಇದು ನನ್ನನ್ನು ಎಷ್ಟು ಸುಟ್ಟಿತು ಅಂತ ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ. ಕೆಂಚಯ್ಯನ ಮಗನ ಹದಿನೆಂಟು ನಿಮಿಷ, ನನ್ನ ಹದಿನೈದು. ಮೂರೇ ನಿಮಿಷದ ವ್ಯತ್ಯಾಸ ಅಂತ ಲೆಕ್ಕ ಹಾಕುತ್ತಿದ್ದೆ.

ಒಂದು ದಿನ ನೋಟ್‌ಬುಕ್ಕಿನಲ್ಲಿ ತೊಂಬತ್ತಾರರ ಪುಟ ತೆಗೆದೆ. ಅವನು ಹೇಳುವ ತಾರೀಖಿನಲ್ಲಿ ಪಂದ್ಯವೇ ಇರಲಿಲ್ಲ. ಮೇಲೆ ಕೆಳಗೆ ಹುಡುಕಿದೆ. ಇರಲಿಲ್ಲ. ನನಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಕಾಯುತ್ತಿದ್ದೆ. ಎರಡು ಸಾವಿರದ ಒಂದರ ಮಳೆಗಾಲದಲ್ಲಿ ದೇವರಾಜನನ್ನು ಕಾಯಂ ಮಾಡುವ ವಿಚಾರ ಸಮಿತಿಗೆ ಬಂತು. ಅಧ್ಯಕ್ಷ ಜಾವಗಲ್ಲಿನ ತಮ್ಮಯ್ಯ, ತೆಂಗಿನ ತೋಟದ ದೊಡ್ಡ ಕುಳ. ಅವನ ಅಳಿಯನೂ ಪಿ.ಟಿ. ಓದಿ ಮನೆಯಲ್ಲಿ ಕೂತಿದ್ದ. ನಾನು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು, “ಇಂಥ ಪಂದ್ಯ ನಡೆದೇ ಇಲ್ಲವಲ್ಲ ಅಧ್ಯಕ್ಷರೇ” ಅಂದೆ.

ದೇವರಾಜನನ್ನು ಕರೆಸಿದರು. ಅವನ ಹತ್ತಿರ ಪಾಸ್‌ಪೋರ್ಟಿನ ಮೇಲಿನ ಒಂದು ಮುದ್ರೆ, ತಂಡದ ನೀಲಿ ಕೋಟು, ವಿಮಾನ ನಿಲ್ದಾಣದ ಒಂದು ಫೋಟೋ ಇದ್ದವು. ಆಡಿದ ಸರ್ಟಿಫಿಕೇಟ್ ಯಾರೂ ಕೊಟ್ಟಿರಲಿಲ್ಲ. ಬರೆದು ಕೇಳಿದ್ದನಂತೆ, ಉತ್ತರ ಬಂದಿರಲಿಲ್ಲ.

“ಹೋಗಿದ್ದು ದಿಟ ಇರಬೋದು ಕಣಯ್ಯಾ, ಬ್ಯಾಗ್ ಹೊರೋರೂ ಹೋಯ್ತಾರೆ” ಅಂದ ತಮ್ಮಯ್ಯ. “ಆಡಿದ್ದಕ್ಕೆ ಏನೈತೆ?”

“ಆಡಿದೀನಿ ಸಾರ್. ಹದಿನೆಂಟು ನಿಮಿಷ. ಎರಡು ಗೋಲಲ್ಲಿ ಸೋತ್ವಿ.” ಅವನು ನನ್ನ ಕಡೆ ತಿರುಗಿದ. “ಇಂದುಧರಣ್ಣ, ನಿಮಗೆ ಆಟ ಗೊತ್ತು. ನೀವಾದ್ರೂ ಹೇಳಿ.”

ನಾನು ನೋಟ್‌ಬುಕ್ಕಿನ ಪುಟವನ್ನು ಅವನ ಮುಂದೆ ತಿರುಗಿಸಿ ಇಟ್ಟೆ.

ತಮ್ಮಯ್ಯನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಸ್ಟೋರ್ ರೂಮಿನಿಂದ ಚೆಂಡು ತರಿಸಿದ. “ಇಂಡಿಯಾಕ್ಕೆ ಆಡಿದೋನು ನೂರು ಸಲ ಕಾಲಲ್ಲಿ ಪುಟಿಸಕ್ಕಾಗಲ್ವಾ? ಕೆಳಗೆ ಬೀಳ್ದಂಗೆ ನೂರು ಮಾಡಪ್ಪ, ಇವತ್ತೇ ಕಾಯಂ.” ಎಲ್ಲರೂ ಆಫೀಸಿನ ಅಂಗಳಕ್ಕೆ ಬಂದೆವು. ದೇವರಾಜ ಬೂಟು ಬಿಚ್ಚಿ, ಪ್ಯಾಂಟು ಮಡಿಸಿ ನಿಂತ. ಬೇಡ ಅಂದು ಹೊರಟುಹೋಗಬಹುದಿತ್ತು. ಹೋಗಲಿಲ್ಲ, ಕೆಲಸ ಬೇಕಾಗಿತ್ತು. ಕ್ಲಾಸಿನ ಕಿಟಕಿಗಳಲ್ಲಿ ಮಕ್ಕಳು ತುಂಬಿಕೊಂಡರು. ಎಣಿಸಿದವನು ನಾನು. ಮೂವತ್ತರವರೆಗೆ ಆ ಚೆಂಡು ಅವನ ಮಾತು ಕೇಳುತ್ತಿತ್ತು. ಅಷ್ಟು ಚೆಂದದ ಕಾಲನ್ನು ನಾನು ಹತ್ತಿರದಿಂದ ನೋಡಿರಲಿಲ್ಲ. ಐವತ್ತು ದಾಟಿದ ಮೇಲೆ ಕೆಟ್ಟ ಮಂಡಿ ನಡುಗತೊಡಗಿತು, ತುಟಿ ಕಚ್ಚಿಕೊಂಡ. ಅರವತ್ತೊಂದಕ್ಕೆ ಕುಸಿದು ಕೂತ. ಚೆಂಡು ಉರುಳಿಕೊಂಡು ಚರಂಡಿಗೆ ಬಿತ್ತು.

“ಅರವತ್ತೊಂದು” ಅಂದೆ ನಾನು, ಗಟ್ಟಿಯಾಗಿ. ತಮ್ಮಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಕಿಟಕಿಗಳೂ ನಕ್ಕವು.

ಮಾರನೇ ದಿನ ಅವನ ತಾಯಿ ಲಕ್ಕಮ್ಮ ಮಂಡಿಗೆ ಬಂದಳು. ಪ್ಲಾಸ್ಟಿಕ್ ಕವರಿನಲ್ಲಿ ಆ ನೀಲಿ ಕೋಟು. ಕೆಂಚಯ್ಯ ಕೂರುತ್ತಿದ್ದ ಕಡೆಯೇ, ಜಗಲಿಯ ಕೆಳಗೇ ನಿಂತಳು.

“ಬುದ್ದಿ, ನನ್ ಮಗ ಸುಳ್ಳಾಡೋನಲ್ಲ. ನೀವು ಒಂದ್ ಮಾತ್ ಹೇಳುದ್ರೆ ಕೆಲ್ಸ ಉಳೀತದೆ.”

“ನನ್ನದೇನಿದೆ ಲಕ್ಕಮ್ಮ? ಪುಸ್ತಕದಲ್ಲಿ ಇಲ್ಲ. ಇಲ್ಲದ್ದನ್ನ ಎಲ್ಲಿಂದ ತರಲಿ?”

ಅವಳು ನೋಟ್‌ಬುಕ್ಕಿನ ಕಡೆ ನೋಡಿದಳು. ಓದು ಬಾರದವಳು. “ಪುಸ್ತ್ಕ ಬರ್ದಿರೋರು ನೀವೇ ಅಲ್ವಾ ಬುದ್ದಿ?” ಅಂದಳು.

ನನಗೆ ಸಿಟ್ಟು ಬಂತು. ಗಿರಾಕಿಗಳಿದ್ದಾರೆ, ಹೋಗು ಅಂದೆ.

ಸುಳ್ಳು ಹೇಳಿ ಕೆಲಸ ಗಿಟ್ಟಿಸಿದ್ದಕ್ಕೆ ಪೊಲೀಸ್ ದೂರು ಕೊಡುತ್ತೇವೆ ಅಂತ ತಮ್ಮಯ್ಯ ಹೆದರಿಸಿದ. ತಪ್ಪೊಪ್ಪಿಗೆ ಬರೆದುಕೊಟ್ಟರೆ ದೂರಿಲ್ಲ. ಒಕ್ಕಣೆ ನನ್ನದು, ನನ್ನ ಬರವಣಿಗೆ ಚೆನ್ನಾಗಿದೆ ಅಂತ ನನಗೇ ಒಪ್ಪಿಸಿದರು. ‘ನಾನು ಭಾರತ ತಂಡದ ಪರವಾಗಿ ಯಾವ ಪಂದ್ಯವನ್ನೂ ಆಡಿರುವುದಿಲ್ಲ. ಆಡಿದ್ದೇನೆಂದು ಹೇಳಿದ್ದು ಸುಳ್ಳು.’ ಅದನ್ನು ಬೆಳಗಿನ ಪ್ರಾರ್ಥನೆಯಲ್ಲಿ ಅವನೇ ಓದಬೇಕು ಅಂದದ್ದು ಮಾತ್ರ ತಮ್ಮಯ್ಯ. ಓದಿದ. ಎಂಟನೇ ಕ್ಲಾಸಿನ ಸಾಲಿನಲ್ಲಿ ಅವನ ಮಗಳು ರಮಾ ನಿಂತಿದ್ದಳು. ಪಕ್ಕದ ಹುಡುಗಿಯರು ಅವಳ ಮುಖ ನೋಡುತ್ತಿದ್ದರು, ಅವಳು ಅಪ್ಪನ ಮುಖ ನೋಡುತ್ತಿದ್ದಳು. ತಿಂಗಳು ತುಂಬುವುದರೊಳಗೆ ತಮ್ಮಯ್ಯನ ಅಳಿಯ ಸೀಟಿ ಊದುತ್ತಿದ್ದ.

ಆಮೇಲೆ ಊರು ಸುಮ್ಮನಿರುತ್ತದೆಯೇ? ಇಂಡಿಯಾ ಮೇಷ್ಟ್ರು ಹೋಗಿ ಹದಿನೆಂಟು ನಿಮಿಷ ಅನ್ನುವುದೇ ಅವನ ಹೆಸರಾಯಿತು. ಬಸ್ ತಡವಾದರೆ ಕಂಡಕ್ಟರನೂ ಅವನನ್ನು ನೋಡಿ, “ಇನ್ನೊಂದ್ ಹದಿನೆಂಟ್ ನಿಮಿಷ ಕಣ್ರೀ” ಅನ್ನುತ್ತಿದ್ದ. ಎರಡು ಸಾವಿರದ ನಾಲ್ಕರಲ್ಲಿ ಜಪಾನ್ ನಮಗೆ ಏಳು ಗೋಲು ಹೊಡೆದಾಗ, ನಮ್ಮ ಮಂಡಿಯ ಮುಂದೆಯೇ ಅವನನ್ನು ನಿಲ್ಲಿಸಿ, “ನೀನಿದ್ದಿದ್ರೆ ಹದಿನೇಳಾಗ್ತಿತ್ತಲ್ಲಾ!” ಅಂದರು. ನಾನು ಒಳಗೆ ಕೆಂಪು ಪೆನ್ನಿನಲ್ಲಿ ಏಳು ಬರೆಯುತ್ತಿದ್ದೆ. ನಕ್ಕೆ. ಅಷ್ಟರಲ್ಲಾಗಲೇ ಅವನು ಹಳೇಬೀಡಿನಲ್ಲಿ, ದೇವಸ್ಥಾನ ನೋಡಲು ಬರುವವರ ಚಪ್ಪಲಿ ಕಾಯುವ ಕೆಲಸಕ್ಕೆ ಸೇರಿದ್ದ. ಆಮೇಲೆ ಊರೇ ಬಿಟ್ಟು ಸಂಸಾರವನ್ನೂ ಅಲ್ಲಿಗೇ ಕರೆದುಕೊಂಡು ಹೋದ. ಲಕ್ಕಮ್ಮ ಅಲ್ಲೇ ಸತ್ತಳಂತೆ.

ಈಗ ಎರಡು ಸಾವಿರದ ಐದಕ್ಕೆ ಬರುತ್ತೇನೆ. ಮದುವೆ ಕಾಲಕ್ಕೆಂದು ಆರಿಸಿದ ಉಂಡೆ ಕೊಬ್ಬರಿಯನ್ನು ನಾವು ಒಂದೊಂದಾಗಿ ಹಳೇ ಪೇಪರಿನಲ್ಲಿ ಸುತ್ತಿ, ಪೆಟ್ಟಿಗೆಗೆ ತುಂಬಿ ದಿಲ್ಲಿ ಕಡೆಗೆ ಕಳಿಸುತ್ತೇವೆ. ರದ್ದಿ ಬೆಂಗಳೂರಿನಿಂದ ಬರುತ್ತದೆ. ಆ ಸಲ ಬಂದದ್ದು ಯಾವುದೋ ವಾಚನಾಲಯ ಖಾಲಿ ಮಾಡಿದ ಹಳೆಯ ಕಟ್ಟು. ಸುತ್ತುತ್ತ ಕೂತಿದ್ದ ನನ್ನ ಹೆಂಡತಿ ಸುಮಿತ್ರಮ್ಮ ಒಂದು ಹಾಳೆಯನ್ನು ತಟಕ್ಕನೆ ಮೇಲೆತ್ತಿದಳು. “ರೀ, ಇದು ನಮ್ಮ ಕೆಂಚಯ್ಯನ ಮಗ ಅಲ್ವಾ?”

ನಾನು ದಿನಾ ಓದುವ ಪೇಪರೇ. ತೊಂಬತ್ತಾರರದ್ದು. ಮೂಲೆಯಲ್ಲಿ ಎಂಟು ಸಾಲು: ನಿನ್ನೆ ರಾತ್ರಿ ನಡೆದ ಪಂದ್ಯದಲ್ಲಿ ಭಾರತಕ್ಕೆ ಎರಡು–ಸೊನ್ನೆ ಸೋಲು, ಕೊನೆಯ ಹದಿನೆಂಟು ನಿಮಿಷ ಕಣಕ್ಕಿಳಿದ ಕರ್ನಾಟಕದ ಕೆ. ದೇವರಾಜ್ ಚುರುಕಿನ ಆಟದಿಂದ ಗಮನ ಸೆಳೆದರು. ಜೊತೆಗೆ ಹೆಬ್ಬೆರಳಗಲದ ಫೋಟೋ.

ಪೇಪರಿನ ಹೆಸರಿನ ಪಕ್ಕ ಮೂರು ಚುಕ್ಕಿಗಳಿದ್ದವು. ನಮ್ಮೂರಿಗೆ ಬರುವುದರಲ್ಲಿ ಒಂದೇ ಚುಕ್ಕಿ. ಒಂದು ಚುಕ್ಕಿಯ ಆವೃತ್ತಿ ರಾತ್ರಿ ಒಂಬತ್ತಕ್ಕೇ ಅಚ್ಚಾಗಿ ರೈಲು ಹತ್ತುತ್ತದೆ, ಆಮೇಲೆ ನಡೆದದ್ದೆಲ್ಲ ಮೂರು ಚುಕ್ಕಿಯದರಲ್ಲಿ, ಬೆಂಗಳೂರಿನವರಿಗೆ ಮಾತ್ರ. ಕ್ರಿಕೆಟ್ಟಾದರೆ ನಮಗೆ ಒಂದು ದಿನ ತಡವಾಗಿ ಹಾಕುತ್ತಾರೆ. ಫುಟ್‌ಬಾಲನ್ನು ಯಾರು ಎರಡನೇ ಸಲ ಹಾಕುತ್ತಾರೆ? ಇದು ನನಗೆ ಗೊತ್ತಿರಲಿಲ್ಲ ಅನ್ನಲಾರೆ. ಹಗಲು–ರಾತ್ರಿ ಕ್ರಿಕೆಟ್ ಮ್ಯಾಚಿನ ಮಾರನೇ ದಿನ, ಮೂವತ್ತು ಓವರಿಗೇ ನಿಂತುಹೋದ ವರದಿ ನೋಡಿ ಇಡೀ ಅರಸೀಕೆರೆ ಬೈಯುತ್ತಿತ್ತು. ತಮ್ಮಯ್ಯನೂ ಬೈಯುತ್ತಿದ್ದ. ಸಮಿತಿಯ ಏಳು ಜನವೂ ಅದೇ ಒಂದು ಚುಕ್ಕಿಯ ಪೇಪರ್ ಓದಿಕೊಂಡೇ ಅವತ್ತು ಸಭೆಗೆ ಬಂದು ಕೂತಿದ್ದೆವು.

“ಇವತ್ತೇ ಹೋಗಿ ಕೊಟ್ಟು ಬನ್ನಿ” ಅಂದಳು ಸುಮಿತ್ರಮ್ಮ. ಅವಳು ನನ್ನ ಮುಖ ನೋಡಿದ ರೀತಿಗೆ ಅಲ್ಲಿ ಕೂರಲಾಗಲಿಲ್ಲ. ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಬಸ್ ಹತ್ತಿದೆ.

ಜಾವಗಲ್ ದಾಟುವವರೆಗೂ ಕೊಡಬೇಕೆಂದೇ ಇದ್ದೆ, ನಂಬುವವರು ನಂಬಲಿ. ಏನು ಹೇಳಬೇಕು ಅಂತಲೂ ಜೋಡಿಸಿಕೊಂಡಿದ್ದೆ. ಆಮೇಲೆ ಬೇರೆ ಯೋಚನೆ ಶುರುವಾಯಿತು. ಇದನ್ನು ಹಿಡಿದುಕೊಂಡು ಅವನು ಸ್ಕೂಲಿಗೆ ಬರುತ್ತಾನೆ. ಪೇಪರು ತೋರಿಸುತ್ತಾನೆ. ಊರೆಲ್ಲ ನನ್ನ ಪುಸ್ತಕ ತೆಗೆಸುತ್ತದೆ.

ಹಳೇಬೀಡಿನಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ದೇವರಾಜ ಮರದ ಹಲಗೆಗಳ ಹಿಂದೆ ಕೂತಿದ್ದ, ತಲೆ ಅರ್ಧ ಬೆಳ್ಳಗಾಗಿತ್ತು. ಪಕ್ಕದಲ್ಲಿ ರಮಾ ಕಾಲೇಜಿನ ಪುಸ್ತಕ ಓದುತ್ತಿದ್ದಳು. ನಾನು ಚಪ್ಪಲಿ ಬಿಟ್ಟೆ. ಅವನು ತೆಗೆದು ಹಲಗೆಯ ಮೇಲಿಟ್ಟು, ತಗಡಿನ ಬಿಲ್ಲೆ ಕೊಡುವಾಗ ತಲೆಯೆತ್ತಿದ. ಗುರುತು ಸಿಕ್ಕಿ ಥಟ್ಟನೆ ಎದ್ದುನಿಂತ.

“ದೇವರಾಜ,” ಅಂದೆ, “ಆವತ್ತಿನ ಆ ಪಂದ್ಯ... ಎಷ್ಟು ಗೋಲಲ್ಲಿ ಸೋತ್ರಿ ಅಂದಿದ್ದೆ ನೀನು?”

ನಿಜವಾಗಿ ಮಾತು ಶುರು ಮಾಡುವುದಕ್ಕೇ ಕೇಳಿದ್ದು. ಅವನು ಸುತ್ತ ಸಮಿತಿಯವರು ಯಾರಾದರೂ ಇದ್ದಾರೇನೋ ಅಂತ ನೋಡಿದ.

“ಯಾವ ಪಂದ್ಯ ಸಾರ್? ನಾನು ಆಡಿಲ್ಲ.” ಕೈ ಮುಗಿದ. “ಬರ್ಕೊಟ್ಟಿದೀನಲ್ಲ ಸಾರ್. ಎಲ್ರ ಮುಂದೆ ಓದಿದೀನಲ್ಲ. ಈ ಕೆಲಸಕ್ಕೆ ನಾನೇನೂ ಸುಳ್ಳು ಹೇಳಿಲ್ಲ ಸಾರ್, ಯಾರನ್ನಾದ್ರೂ ಕೇಳಿ.”

“ಅಪ್ಪ, ಕೂತ್ಕೋ” ಅಂದಳು ರಮಾ. ನನ್ನ ಕಡೆ ತಿರುಗಿದಳು. “ಸುಳ್ಳು ಹೇಳಿದ್ರು, ಒಪ್ಕೊಂಡ್ರು. ನಾನೂ ಒಪ್ಕೊಂಡಿದೀನಿ. ಇನ್ನೂ ಎಷ್ಟು ಸಲ ಹೇಳಿಸ್ಬೇಕು ನಿಮಗೆ?”

ಹಾಳೆ ನನ್ನ ಜೇಬಿನಲ್ಲಿತ್ತು. ಕೈ ಹಾಕಿದರೆ ಸಿಗುತ್ತಿತ್ತು. ಆ ಹುಡುಗಿಗೆ ಎಂಟು ಸಾಲು ಓದಲು ಒಂದು ನಿಮಿಷವೂ ಬೇಡ.

ನನಗೆ ನಾಚಿಕೆಯಾಗಬೇಕಿತ್ತು, ಸಮಾಧಾನವಾಯಿತು. ಅವನೇ ಆಡಿಲ್ಲ ಅನ್ನುತ್ತಿದ್ದಾನಲ್ಲ, ನಾನು ಯಾಕೆ ಆಡಿದ್ದಾನೆ ಅನ್ನಲಿ ಅನ್ನಿಸಿತು. “ಸುಮ್ಮನೆ ಕೇಳಿದೆ ಕಣಪ್ಪ” ಅಂದೆ. ದೇವಸ್ಥಾನದೊಳಕ್ಕೆ ಹೋಗಲಿಲ್ಲ. ಬಿಲ್ಲೆ ವಾಪಸ್ಸು ಕೊಟ್ಟೆ. ದೇವರಾಜ ನನ್ನ ಚಪ್ಪಲಿಯನ್ನು ತನ್ನ ಟವೆಲ್ಲಿನಲ್ಲಿ ಒರೆಸಿ, ಬಗ್ಗಿ, ಕಾಲ ಹತ್ತಿರವೇ ಇಟ್ಟ. ಏಳುವಾಗ ಮಂಡಿ ಹಿಡಿದುಕೊಂಡ.

ಮನೆಗೆ ಬಂದಾಗ ಸುಮಿತ್ರಮ್ಮ, “ಕೊಟ್ರಾ? ಏನಂದ?” ಅಂದಳು.

“ಕೊಟ್ಟೆ. ಅತ್ತುಬಿಟ್ಟ” ಅಂದೆ.

ಮಾರನೇ ದಿನ ಮಂಡಿಯಲ್ಲಿ ತೊಂಬತ್ತಾರರ ಪುಟ ತೆಗೆದೆ. ಎರಡು ಸಾಲುಗಳ ನಡುವೆ ಜಾಗವಿತ್ತು. ತಾರೀಖು, ಎದುರಾಳಿ, ಊರು, ಸೊನ್ನೆ–ಎರಡು, ಕೆಂಪು ಶಾಯಿಯಲ್ಲಿ ಸಣ್ಣಗೆ ಬರೆದೆ. ಆಟಗಾರರ ಹೆಸರು ಬರೆಯುವ ರೂಢಿ ನನ್ನ ಪುಸ್ತಕದಲ್ಲಿ ಮೊದಲಿನಿಂದಲೂ ಇಲ್ಲ. ಆ ಹಾಳೆಯಲ್ಲಿ ಒಂದು ಉಂಡೆ ಕೊಬ್ಬರಿ ಸುತ್ತಿ, ದಿಲ್ಲಿಗೆ ಹೊರಟಿದ್ದ ಪೆಟ್ಟಿಗೆಯ ತಳದಲ್ಲಿಟ್ಟೆ. ಈಗ ಪುಸ್ತಕದಲ್ಲಿ ತಪ್ಪಿಲ್ಲ. ಯಾರು ಬಂದು ಕೇಳಿದರೂ ತೆಗೆದು ತೋರಿಸುತ್ತೇನೆ.