ಕಲ್ಯಾಣದುರ್ಗದ ಕಿಟಕಿ

ಹಿಂದೂಪುರದ ನೇಕಾರರ ಸಂಘದಲ್ಲಿ ಸೀತಾರಾಮಪ್ಪ ಹೇಳಿದ್ದೇ ಕೊನೆಯ ಮಾತು. ಮಗ್ಗಕ್ಕೆ ಏರಿಸುವ ಉದ್ದೆಳೆಗಳ ರೇಷ್ಮೆ ಹಾಸನ್ನು ಯಾರಿಗೆ ಕೊಡಬೇಕು, ಯಾರಿಗೆ ಕೊಡಕೂಡದು ಎಂದು ಅವನೇ ಹೋಗಿ ನೋಡಿ ಬರೆಯಬೇಕು. ನಲವತ್ತು ವರ್ಷದಲ್ಲಿ ತನ್ನ ಕೈಯಲ್ಲಿ ಎಳೆ ಹರಿದದ್ದೇ ಅಪರೂಪ ಎಂಬುದು ಅವನ ಜಂಬ. ಹರಿಯುವವರನ್ನು ಅವನು ನೇಕಾರರೆಂದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಈ ಆಷಾಢದಲ್ಲಿ ಕಲ್ಯಾಣದುರ್ಗದ ಎರ್ರಮ್ಮ ಎಂಬ ನೂಲಿನ ಸೀರೆ ನೇಯುವವಳು, ಅದಕ್ಕೆ ಗಿರಾಕಿಗಳಿಲ್ಲದೆ, ರೇಷ್ಮೆ ಕೇಳಿದ್ದಳು. ಪರೀಕ್ಷೆಗೆಂದು ಸೀತಾರಾಮಪ್ಪನೇ ತಯಾರು ಮಾಡಿದ ಒಂದು ಹಾಸನ್ನು ಸಂಘ ಅವಳಿಗೆ ಕಳಿಸಿತ್ತು. ಅವನು ಒಪ್ಪಿದರೆ ಅವಳ ಮಗ್ಗ ಉಳಿಯುತ್ತದೆ. ಒಪ್ಪದಿದ್ದರೆ ಅದನ್ನು ಬಿಚ್ಚಿಟ್ಟು ಬ್ರಹ್ಮಸಮುದ್ರದ ಕಡೆ ಹೊಲದ ಕೂಲಿಗೆ ಹೋಗಬೇಕು.

ಹೊರಡುವಾಗ, ಡಿಗ್ರಿಯಲ್ಲಿ ಭೂಗೋಳ ಓದುವ ಮೊಮ್ಮಗಳು ಹರಿತಾ ಏನೋ ಹೇಳಲು ಬಂದಳು. ಪಡುವಣ ಗಾಳಿ ತನ್ನ ಮಳೆಯನ್ನೆಲ್ಲ ಘಟ್ಟದ ಮೇಲೆ ಸುರಿದು ಈ ಕಡೆಗೆ ಬರಿಗೈಲಿ ಬರುತ್ತದಂತೆ. ಹಿಂದೂಪುರಕ್ಕೆ ಸುತ್ತ ಬೆಟ್ಟ, ಕೆರೆ, ತೋಟಗಳ ಆಸರೆಯಿದೆ, ಕಲ್ಯಾಣದುರ್ಗದ ಬಯಲಿನಲ್ಲಿ ಗಾಳಿಗೆ ತಡೆಯೇ ಇಲ್ಲ, ಒಣಗಾಳಿಗೆ ರೇಷ್ಮೆ ಬೇಗ ಹರಿಯುತ್ತದೆ ಎಂದಳು.

"ಬೆಟ್ಟ ಬಂದು ನೇಯ್ತದೇನಮ್ಮ? ಕೈ ಬೇಕು ಕಣಮ್ಮ, ಕೈ," ಎಂದು ಅವನು ಚಪ್ಪಲಿ ಮೆಟ್ಟಿದ.

ಬಸ್ಸು ಸೋಮಂದೇಪಲ್ಲಿ ದಾಟುವ ಹೊತ್ತಿಗೆ ಸಂಘದ ಫಾರಂ ಮೇಲೆ 'ಕೈ ಸಾಲದು' ಎಂದು ಬರೆದೂ ಆಗಿತ್ತು. ಮಗ್ಗ ನೋಡುವ ಮುಂಚೆಯೇ! ಅಂಥ ಮಹಾನುಭಾವ.

ಎರ್ರಮ್ಮನ ಮನೆಯೊಳಗೆ ಮಬ್ಬುಗತ್ತಲೆ. ಕಿಟಕಿಗಳಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟಿದ್ದಳು, ಮಗ್ಗದ ಗುಂಡಿಯ ಸುತ್ತ ನೀರು ಚಿಮುಕಿಸಿದ್ದಳು. ಅವನಿಗೆ ಮೂಗು ಮುರಿಯಲು ಅಷ್ಟೇ ಸಾಕಾಯಿತು. ಇದು ಮಗ್ಗದ ಮನೆಯೋ ಎಮ್ಮೆ ಕೊಟ್ಟಿಗೆಯೋ ಎಂದು ಕೇಳಿದ. ನೇಯ್ದ ಬಟ್ಟೆಯ ಮೇಲೆ ಹೆಬ್ಬೆರಳು ಆಡಿಸಿ, ಮೊಳ ಉದ್ದದಲ್ಲಿ ಹರಿದ ಎಳೆ ಕಟ್ಟಿದ ಎರಡು ಗಂಟು ಹುಡುಕಿ ಲೊಚಗುಟ್ಟಿದ. ಬೆಳಕು ಬೇಕೆಂದು ಗೋಣಿಗಳನ್ನು ಕಿತ್ತೆಸೆದು ಎರಡೂ ಕಿಟಕಿ ತೆರೆದ. ಬೇಡ ಅಣ್ಣ ಎಂದು ಅವಳು ಒಮ್ಮೆ ಹೇಳಿದಳು. ಆಮೇಲೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ನೇಯುವುದು ಹೇಗೆಂದು ತೋರಿಸಲು ಸೀತಾರಾಮಪ್ಪ ಗುಂಡಿಗೆ ಕಾಲಿಳಿಬಿಟ್ಟು ಕೂತ. ಗಾಳಿ ನೇರ ಒಳಗೆ ನುಗ್ಗಿ ಹಾಸಿನ ಮೇಲೆ ಹಾದುಹೋಗುತ್ತಿತ್ತು. ಲಾಳಿ ಹತ್ತು ಸಲ ಓಡಿರಲಿಲ್ಲ, ಒಂದು ಎಳೆ ಹರಿಯಿತು. ಆಮೇಲೆ ಇನ್ನೊಂದು. ಕಾಲು ಗಂಟೆಯಲ್ಲಿ ಏಳು. ಅವನ ಕುತ್ತಿಗೆ ಬೆವೆತು ಅಲ್ಲೇ ಒಣಗಿತು. ದರಿದ್ರ ಹಾಸು, ಯಾವ ಬೇಕೂಫ ತಯಾರು ಮಾಡಿದ್ದೋ ಎಂದು ಬೈಯಲು ಬಾಯಿ ತೆರೆದವನು ಹಾಗೇ ಮುಚ್ಚಿದ. ಆ ಬೇಕೂಫ ಅವನೇ.

ಎರ್ರಮ್ಮ ಏಳೂ ಎಳೆಗಳನ್ನು ಕಟ್ಟಿದಳು. ಕಿಟಕಿ ಮುಚ್ಚಿದಳು. ಗೋಣಿಗಳನ್ನು ನೀರಲ್ಲಿ ಅದ್ದಿ ಮತ್ತೆ ಇಳಿಬಿಟ್ಟಳು. ಆಮೇಲೆ, ಅಡುಗೆಯ ವಿಷಯ ಮಾತಾಡುವವಳಂತೆ ಹೇಳಿದಳು:

"ನಿಮ್ಮೂರಾಗೆ ನೇಯೋದು ಹಸಿಗಾಳಿ ಕಣಣ್ಣ. ನೀವು ಸುಮ್ನೆ ಲಾಳಿ ಎಸೀತೀರ, ಅಷ್ಟೇ."

ಅವನು ಫಾರಂ ತೆಗೆದು ಬರೆದದ್ದನ್ನು ಹೊಡೆದುಹಾಕಿ 'ಕೊಡಬಹುದು' ಎಂದು ಬರೆದ. ಚೆನ್ನಾಗಿ ನೇಯುತ್ತಾಳೆ ಎಂದು ಬರೆಯಲು ಆ ಬಡಿವಾರದ ಕೈಗೆ ಆಗಲೂ ಮನಸ್ಸು ಬರಲಿಲ್ಲ. ಅವಳು ಕೊಟ್ಟ ಮಜ್ಜಿಗೆಯನ್ನು ಮಾತ್ರ ತಲೆ ತಗ್ಗಿಸಿ ಕುಡಿದು ಬಸ್ಸು ಹತ್ತಿದ.

ಮಾರನೆಯ ಬೆಳಗ್ಗೆ ಹಿಂದೂಪುರದಲ್ಲಿ ತುಂತುರು ಹಿಡಿದಿತ್ತು. ಸೀತಾರಾಮಪ್ಪ ತನ್ನ ಮಗ್ಗಕ್ಕೆ ಕೂತ. ಕಿಟಕಿ ತೆರೆದೇ ಇತ್ತು. ಮಧ್ಯಾಹ್ನದವರೆಗೂ ನೇಯ್ದ, ಬೇಕೆಂದೇ ಒರಟಾಗಿ, ಲಾಳಿಯನ್ನು ರಭಸದಿಂದ ಎಸೆದೆಸೆದು ನೇಯ್ದ. ಒಂದು ಎಳೆಯೂ ಹರಿಯಲಿಲ್ಲ. ಹರಿತಾ ಊಟಕ್ಕೆ ಕರೆದಾಗ ಅವನ ಕಣ್ಣು ತುಂಬಿತ್ತು.